ಇಡೀ ವಾರ್ಡಿಗೊಂದು ಕನ್ನಡಕ

ಕುವೈತಿನ ಎಗೈಲಾ ಎಂಬಲ್ಲಿನ ಒಂದು ಮಾಲ್‌ನಲ್ಲಿ ನಾನು ಕನ್ನಡಕದ ಅಂಗಡಿ ನೋಡಿಕೊಳ್ಳುತ್ತೇನೆ. ಅಂಗಡಿ ನನ್ನದಲ್ಲ. ಕಣ್ಣು ಪರೀಕ್ಷೆ ಮಾಡುವುದು, ನಂಬರ್ ಬರೆಯುವುದು, ಲೆನ್ಸ್ ಕೂರಿಸುವುದು ನನ್ನ ಕೆಲಸ. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ಜೈಲಿನ ಬಗ್ಗೆ ನಾನು ಯೋಚಿಸಿದ್ದು ಎಲ್ಲರೂ ಯೋಚಿಸುವಷ್ಟೇ. ನಮ್ಮ ಕಡೆಯವರು ಯಾರೋ ಸಿಕ್ಕಿಬಿದ್ದರೆಂದು ವಾಟ್ಸಾಪಿನಲ್ಲಿ ಸುದ್ದಿ ಬಂದರೆ ‘ಛೆ, ಪಾಪ’ ಎಂದು ಮುಂದಿನ ಸುದ್ದಿ ಓದುವುದು, ಅಷ್ಟೆ.

ಒಂದು ಮಧ್ಯಾಹ್ನ, ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ, ನರ್ಸ್ ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬರು ಬಂದರು. ಒಳಗಿದ್ದ ಇಬ್ಬರು ಗಿರಾಕಿಗಳು ಹೋಗುವವರೆಗೆ ಸನ್‌ಗ್ಲಾಸ್ ಕಪಾಟಿನ ಎದುರು ನಿಂತಿದ್ದರು. ಆಮೇಲೆ ಬಂದು ಕೌಂಟರಿನ ಮೇಲೆ ಪ್ಲಾಸ್ಟಿಕ್ ಚೀಲವೊಂದನ್ನು ಇಟ್ಟು ನಮ್ಮ ಮಂಗಳೂರು ಕಡೆಯ ಕನ್ನಡದಲ್ಲಿ ಮಾತಾಡಿದರು. ಮನೆಯಲ್ಲಿ ಕೊಂಕಣಿ ಮಾತಾಡುವವರೆಂದು ಮೊದಲ ವಾಕ್ಯದಲ್ಲೇ ಗೊತ್ತಾಯಿತು. ಚೀಲದಲ್ಲಿ ಒಡೆದ ಕನ್ನಡಕವಿತ್ತು.

“ಇದೇ ನಂಬರಿನದ್ದು ಒಂದು ಬೇಕಿತ್ತು ಸರ್. ಆದರೆ ಕಬ್ಬಿಣ ಅಂತ ಎಂತದೂ ಇರ್ಬಾರ್ದು. ಗಾಜೂ ಇರ್ಬಾರ್ದು.”

“ಸಣ್ಣ ಮಕ್ಕಳಿಗಾ ಸಿಸ್ಟರ್?”

“ಅಲ್ಲ. ನನ್ನ ಗಂಡನಿಗೆ.” ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು, “ಅವರು ಜೈಲಲ್ಲಿದ್ದಾರೆ.”

ಕುರ್ಚಿ ತೋರಿಸಿದೆ. ಕೂರಲಿಲ್ಲ, ನಿಂತೇ ಹೇಳಿದರು. ಅವರ ಗಂಡ ಬಸ್ ಡ್ರೈವರ್. ಮಂಗಫ್‌ನಿಂದ ರಿಫೈನರಿಗೆ ಕೆಲಸದವರನ್ನು ಕರೆದುಕೊಂಡು ಹೋಗಿ ಬರುವ ಕಂಪನಿ ಬಸ್ಸು. ಒಂದು ಸಂಜೆ ಪಾಳಿ ಮುಗಿಸಿದವರನ್ನು ಕರೆತರುವಾಗ, ತಿರುವಿನಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬನಿಗೆ ಬಸ್ಸು ತಾಗಿತು. ಆತ ನೇಪಾಳದವನು, ಅದೇ ಕಂಪನಿಯ ಕ್ಲೀನಿಂಗ್ ಕೆಲಸದವನು. ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡ. ಕೋರ್ಟು ಡ್ರೈವರ್‌ಗೆ ಮೂರು ವರ್ಷ ಶಿಕ್ಷೆ ಕೊಟ್ಟಿತು. ಒಳಗೆ ಹೋಗಿ ಆಗಲೇ ಎಂಟು ತಿಂಗಳಾಗಿತ್ತು.

“ಸ್ಟೇಷನ್ನಿಂದ ಅವರ ಸಾಮಾನು ಕೊಟ್ಟರು. ವಾಚು, ಜಪಸರ, ಮತ್ತೆ ಇದು. ಎಕ್ಸಿಡೆಂಟಲ್ಲಿ ಒಡೆದು ಹೋಯ್ತು. ಎಂಟು ತಿಂಗಳಿಂದ ಕನ್ನಡಕ ಇಲ್ಲದೆ ಇದ್ದಾರೆ ಸರ್. ವಿಸಿಟಿಗೆ ಹೋದ್ರೆ ಗಾಜಿನ ಆಚೆಯಿಂದ ಕಣ್ಣು ಕಿರಿದು ಮಾಡಿ ನನ್ನನ್ನು ಹುಡುಕ್ತಾರೆ. ಇಲ್ಲಿ, ಇಲ್ಲಿ ಅಂತ ನಾನು ಕೈ ಎತ್ತಬೇಕು.”

ಕನ್ನಡಕವನ್ನು ಒಳಗಿನ ಕೋಣೆಗೆ ಒಯ್ದು ದೀಪದ ಕೆಳಗೆ ಇಟ್ಟೆ. ಲೆನ್ಸುಗಳು ಸೀಳಿದ್ದರೂ ಚೌಕಟ್ಟಿನಲ್ಲೇ ಉಳಿದಿದ್ದವು, ಹಾಗಾಗಿ ಯಂತ್ರದಲ್ಲಿಟ್ಟು ನಂಬರ್ ತೆಗೆಯುವುದು ಕಷ್ಟವಾಗಲಿಲ್ಲ. ದೂರಕ್ಕೂ ಪ್ಲಸ್, ಹತ್ತಿರಕ್ಕೆ ಇನ್ನೂ ಹೆಚ್ಚು ಪ್ಲಸ್. ಐವತ್ತು ದಾಟಿದವರಲ್ಲಿ ಸಾಮಾನ್ಯವಾಗಿ ಕಾಣುವ ನಂಬರ್. ನಂಬರ್ ಬರೆದುಕೊಳ್ಳುವಾಗ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಮುಖದ ಮೇಲಿರುವಾಗ ಪೆಟ್ಟು ಬಿದ್ದರೆ ಕನ್ನಡಕದ ಕಡ್ಡಿಗಳು ಹೊರಗೆ ಬಾಗುತ್ತವೆ, ಇಲ್ಲವೇ ಮೂಗಿನ ಬಳಿ ತುಂಡಾಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅಂಥ ನೂರಾರು ಕನ್ನಡಕ ನೋಡಿದ್ದೇನೆ. ಇದರಲ್ಲಿ ಎರಡೂ ಕಡ್ಡಿಗಳು ಒಳಗೆ ಮಡಚಿಕೊಂಡೇ ಲೆನ್ಸಿನ ಮೇಲೆ ಒತ್ತಿದ್ದವು. ಸೀಳು ಶುರುವಾದದ್ದು ಕಡ್ಡಿ ಒತ್ತಿದ ಜಾಗದಿಂದ. ಅಂದರೆ ಒಡೆಯುವಾಗ ಕನ್ನಡಕ ಡ್ರೈವರ್ ಮುಖದ ಮೇಲೆ ಇರಲಿಲ್ಲ. ಮಡಚಿ ಕಿಸೆಯಲ್ಲಿಟ್ಟಿದ್ದರು.

ಹೊರಗೆ ಬಂದು, “ನಂಬರ್ ಸಿಕ್ಕಿತು ಸಿಸ್ಟರ್, ಮಾಡಿಕೊಡ್ತೇನೆ” ಎಂದಷ್ಟೇ ಹೇಳಿದೆ. ಉಳಿದದ್ದನ್ನು ಹೇಳುವ ಅಧಿಕಾರ ನನಗಿದೆ ಎಂದು ಅನಿಸಲಿಲ್ಲ.

ಮೊದಲು ಮಾಡಿದ ಕನ್ನಡಕ ಜೈಲಿನ ಗೇಟಿನಿಂದಲೇ ವಾಪಸ್ ಬಂತು. ಚೌಕಟ್ಟು ಪ್ಲಾಸ್ಟಿಕ್ಕಿನದೇ. ಆದರೆ ಕಡ್ಡಿಯೊಳಗೆ ತೆಳ್ಳಗಿನ ತಂತಿ ಇರುತ್ತದೆ, ಮಡಚುವ ಜಾಗದಲ್ಲಿ ಸ್ಕ್ರೂ ಇರುತ್ತದೆ. ಕಾವಲಿನವನು ಯಂತ್ರದಲ್ಲಿ ನೋಡಿ ‘ಮಮ್ನೂ’ ಎಂದನಂತೆ, ಬಿಡುವಂತಿಲ್ಲ ಎಂದು. ಅವನನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಬೆರಳುದ್ದದ ತಂತಿ ಒಳಗೆ ಹೋದರೆ ಅದು ಏನೇನಾಗಬಹುದೆಂದು ಅವನು ನನಗಿಂತ ಹೆಚ್ಚು ನೋಡಿರುತ್ತಾನೆ. ಮಿರ್ಕಾಬ್‌ನ ಸಗಟು ವ್ಯಾಪಾರಿಯ ಬಳಿ ಸ್ಕ್ರೂ ಇಲ್ಲದೆ ಬರೀ ಪ್ಲಾಸ್ಟಿಕ್ಕಿನಲ್ಲೇ ಸಿಕ್ಕಿಸುವ ಒಂದು ಜಾತಿ ಫ್ರೇಮ್ ಇತ್ತು. ಮಕ್ಕಳ ಅಳತೆಯವು ಮಾತ್ರ ಇದ್ದವು. ದೊಡ್ಡವರ ಅಳತೆ ತರಿಸಲು ಮೂರು ವಾರ ಹಿಡಿಯಿತು. ಅದು ಗೇಟು ದಾಟಿತು. ಆ ವಾರ ವಿಸಿಟ್ ಮುಗಿಸಿದ ಸಿಸ್ಟರ್ ಅಂಗಡಿಗೆ ಫೋನ್ ಮಾಡಿದರು.

“ಸರ್, ಇವತ್ತು ನಾನು ಕೈ ಎತ್ತಲಿಲ್ಲ. ಬಾಗಿಲಲ್ಲೇ ಗುರ್ತ ಸಿಕ್ಕಿತು ಅವರಿಗೆ. ನೀನು ಸಪೂರ ಆಗಿದ್ದಿ ಅಂತ ಬೈದ್ರು.”

ನನ್ನ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿದಿತ್ತು.

ಒಂದೂವರೆ ತಿಂಗಳ ನಂತರ, ಶನಿವಾರ ಸಂಜೆ, ಒಬ್ಬ ಕುವೈತಿ ಗಿರಾಕಿ ಬಂದರು. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಮೆಲುದನಿ. ತಮ್ಮ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಫ್ರೇಮ್ ಆರಿಸಿದ ಮೇಲೆ ಕಿಸೆಯಿಂದ ಕನ್ನಡಕ ಒರೆಸುವ ಬಟ್ಟೆಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟರು. ಅದರಲ್ಲಿ ನಮ್ಮ ಅಂಗಡಿಯ ಹೆಸರಿತ್ತು.

“ಸ್ಕ್ರೂ ಇಲ್ಲದ ಕನ್ನಡಕ ಮಾಡಿದ್ದು ನೀನೇನಾ?” ಇಂಗ್ಲಿಷಿನಲ್ಲಿ ಕೇಳಿದರು.

ಜೈಲಿನ ಅಧಿಕಾರಿಯೆಂದು ಆಗ ತಿಳಿಯಿತು. ಏನೋ ಎಡವಟ್ಟಾಗಿದೆ, ನನ್ನ ಇಕಾಮಾಕ್ಕೆ ತೊಂದರೆ ಬರುತ್ತದೆ ಎಂದುಕೊಂಡೆ. ಇಲ್ಲಿ ವಾಸದ ಪರವಾನಗಿ ಹೋದರೆ ಎಲ್ಲವೂ ಹೋದ ಹಾಗೆ. ಬರೆಯುತ್ತಿದ್ದ ಬಿಲ್ಲನ್ನು ಅರ್ಧಕ್ಕೇ ಬಿಟ್ಟೆ. ಅವರು ಅದನ್ನು ಗಮನಿಸಿದರೋ ಏನೋ, ನಕ್ಕರು.

“ಆ ಕನ್ನಡಕ ಈಗ ಡ್ರೈವರನದಾಗಿ ಉಳಿದಿಲ್ಲ. ಇಡೀ ವಾರ್ಡಿನದು. ಬೆಳಿಗ್ಗೆ ಕುರಾನ್ ಓದುವವರಿಗೆ. ಆಮೇಲೆ ಪತ್ರ ಬರೆಯುವವರಿಗೆ. ಮಧ್ಯಾಹ್ನ ಕೋರ್ಟಿನ ಕಾಗದ ಇರುವವರಿಗೆ. ಅವನಿಗೆ ಸಿಗುವುದು ಊಟದ ಹೊತ್ತಿಗೆ, ವಿಸಿಟಿನ ಹೊತ್ತಿಗೆ.”

ನಂಬರ್ ಬೇರೆಯಾದರೂ ಪ್ಲಸ್ ಲೆನ್ಸು ವಯಸ್ಸಾದ ಯಾರಿಗಾದರೂ ಅಕ್ಷರವನ್ನು ಸ್ವಲ್ಪ ದೊಡ್ಡದು ಮಾಡಿ ತೋರಿಸುತ್ತದೆ, ಜೊತೆಗೆ ತಲೆನೋವನ್ನೂ ಕೊಡುತ್ತದೆ ಎಂದೆ.

“ತಲೆನೋವು ನನಗೂ ಬಂದಿದೆ,” ಎಂದರು. “ಕಳೆದ ವಾರ ಅದಕ್ಕಾಗಿ ಇಬ್ಬರು ಹೊಡೆದಾಡಿದರು. ಅದನ್ನು ಕಿತ್ತುಕೊಳ್ಳಿ ಎಂದು ನನ್ನ ಕೆಳಗಿನವರು ಹೇಳುತ್ತಾರೆ. ಕಿತ್ತುಕೊಂಡರೆ ಜಗಳ ನಿಲ್ಲುತ್ತದೆ. ಇನ್ನೊಂದಷ್ಟು ಕೊಟ್ಟರೂ ನಿಲ್ಲುತ್ತದೆ. ನೀನು ಬಂದು ಅವರ ಕಣ್ಣು ನೋಡುತ್ತೀಯಾ?”

ಕಣ್ಣು ತೋರಿಸಬೇಕಾದ ಕೈದಿಯನ್ನು ಆಸ್ಪತ್ರೆಗೆ ಒಯ್ಯಬೇಕು. ಅದಕ್ಕೆ ಗಾಡಿ ಬೇಕು, ಇಬ್ಬರು ಪೊಲೀಸರು ಬೇಕು, ಕೈಕೋಳ ಬೇಕು, ಎರಡು ಸಹಿ ಬೇಕು. ಹೃದಯದ ಕಾಯಿಲೆ ಇದ್ದವನಿಗೂ ಆ ಗಾಡಿಯಲ್ಲಿ ಜಾಗ ಸಿಗುವುದು ಕಷ್ಟ. ಸಣ್ಣ ಅಕ್ಷರ ಕಾಣುವುದಿಲ್ಲ ಎನ್ನುವವನ ಸರದಿ ಬರುವುದೇ ಇಲ್ಲ. ಯಾರ ಕೆಟ್ಟತನದಿಂದಲೂ ಹೀಗಾಗಿರಲಿಲ್ಲ. ಅದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೆ. ಇದನ್ನು ಅವರೇ ವಿವರಿಸಿದರು.

ಅನುಮತಿ ಬರಲು ನಾಲ್ಕು ತಿಂಗಳಾಯಿತು. ರಜೆಯ ದಿನ ಎಲ್ಲಿಗೆ ಬೇಕಾದರೂ ಹೋಗು ಎಂದು ಅಂಗಡಿಯ ಮಾಲೀಕ ಒಪ್ಪಿದ. ಪರೀಕ್ಷೆಯ ಲೆನ್ಸ್ ಪೆಟ್ಟಿಗೆ ದೊಡ್ಡ ಸಮಸ್ಯೆಯಾಯಿತು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಲೆನ್ಸುಗಳು, ಎಲ್ಲವೂ ಗಾಜಿನವು, ಎಲ್ಲಕ್ಕೂ ಲೋಹದ ಅಂಚು. ಒಂದೊಂದನ್ನೂ ಎಣಿಸಿ ಒಳಗೆ ಬಿಟ್ಟರು. ಹೊರಗೆ ಹೋಗುವಾಗ ಒಂದು ಕಡಿಮೆಯಾದರೂ ಇಡೀ ವಾರ್ಡನ್ನು ಜಾಲಾಡಬೇಕಾಗುತ್ತದೆ ಎಂದು ಮೊದಲೇ ತಿಳಿಸಿದರು.

ಒಂದು ದೊಡ್ಡ ಹಜಾರ, ಟ್ಯೂಬ್‌ಲೈಟು, ನೆಲಕ್ಕೆ ಬಿಗಿದ ಕುರ್ಚಿಗಳು. ನಾಲ್ಕು ದಿಕ್ಕಿಗೂ ತಿರುಗಿದ ಇಂಗ್ಲಿಷಿನ ‘E’ ಅಕ್ಷರಗಳಿರುವ ಫಲಕವನ್ನು ಗೋಡೆಗೆ ಅಂಟಿಸಿದೆ. ಅದಕ್ಕೆ ಯಾವ ಭಾಷೆಯ ಓದೂ ಬೇಡ, ಅಕ್ಷರದ ಕಾಲು ಯಾವ ಕಡೆಗಿದೆಯೋ ಆ ಕಡೆಗೆ ಕೈ ತೋರಿಸಿದರೆ ಸಾಕು. ಒಬ್ಬೊಬ್ಬರನ್ನೇ ಕರೆದರು. ಏನು ಮಾಡಿ ಬಂದವರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಯಾರಿಗೆ ಎಷ್ಟು ವಯಸ್ಸು, ಏನನ್ನು ನೋಡಬೇಕಾಗಿದೆ ಎಂದಷ್ಟೇ ಕೇಳಿದೆ. ಈಜಿಪ್ಟಿನ ಮೇಷ್ಟ್ರೊಬ್ಬರಿಗೆ ಪುಸ್ತಕ ಓದಬೇಕಿತ್ತು. ಸಕ್ಕರೆ ಕಾಯಿಲೆಯ ಬಾಂಗ್ಲಾದೇಶಿ ಮುದುಕನಿಗೆ ಬೆಳಗಿನ ಮಾತ್ರೆ ಯಾವುದು, ರಾತ್ರಿಯದು ಯಾವುದು ಎಂದು ಗುರುತಿಸಬೇಕಿತ್ತು. ಇಷ್ಟು ದಿನ ಬೆರಳಿನಿಂದ ಸವರಿ ಆಕಾರ ನೋಡಿ ನುಂಗುತ್ತಿದ್ದನಂತೆ. ಇನ್ನೊಬ್ಬ ಕನ್ನಡಕವೇ ಬೇಡ ಎಂದ. ಇಲ್ಲಿ ನೋಡಲು ಏನಿದೆ ಭಾಯಿ ಎಂದು ಹಿಂದಿಯಲ್ಲಿ ಹೇಳಿ ಎದ್ದು ಹೋದ. ಅವನ ಹೆಸರಿನ ಮುಂದೆ ಒಂದು ಗೆರೆ ಎಳೆದೆ.

ಹನ್ನೊಂದು ಗಂಟೆಯ ಸುಮಾರಿಗೆ ಆಂಧ್ರದ ಕಡೆಯ ಒಬ್ಬ ಬಂದ. ಅವನ ಜೊತೆಗೇ ಒಂದು ಫೈಲೂ ಬಂತು. ‘ಸಹಕರಿಸುವುದಿಲ್ಲ’ ಎಂದು ಅದರ ಮೇಲೆ ಬರೆದಿದೆ, ಜಾಗ್ರತೆ ಎಂದು ಕಾವಲಿನವನು ಎಚ್ಚರಿಸಿದ. ಶಿಕ್ಷೆ ಮುಗಿದಿದ್ದರೂ ಒಂದು ಕಾಗದಕ್ಕೆ ಸಹಿ ಹಾಕಲು ಐದು ತಿಂಗಳಿಂದ ನಿರಾಕರಿಸುತ್ತಿದ್ದನಂತೆ. ಲೆನ್ಸ್ ಹಾಕಿ, ಹತ್ತಿರದ ನೋಟ ಪರೀಕ್ಷಿಸಲು ಕೈಯಲ್ಲಿ ಯಾವುದಾದರೂ ಕಾಗದ ಕೊಡಬೇಕಿತ್ತು. ಅಧಿಕಾರಿ ಆ ಫೈಲಿನಿಂದಲೇ ಒಂದು ಹಾಳೆ ತೆಗೆದು ಕೊಟ್ಟರು. ಅರಬಿಯ ಕೆಳಗೆ ಸಣ್ಣಕ್ಷರದ ಇಂಗ್ಲಿಷ್ ಇತ್ತು. ಅವನು ಬೆರಳಿಟ್ಟು ಒಂದೊಂದೇ ಪದ ಓದಿದ. ಎರಡನೇ ಸಾಲಿಗೆ ಬೆರಳು ನಿಂತಿತು.

“ಇದು ಊರಿಗೆ ಹೋಗುವ ಕಾಗದ!” ಎಂದ ಹಿಂದಿಯಲ್ಲಿ.

“ಮತ್ತೆ ಏನೆಂದುಕೊಂಡಿದ್ದೆ?” ಎಂದೆ.

“ಇನ್ನೊಂದು ಕೇಸು ಒಪ್ಪಿಕೊಳ್ಳುವ ಕಾಗದ ಅಂದುಕೊಂಡಿದ್ದೆ. ಮೊದಲ ಸಲವೂ ಹೀಗೇ ಸಹಿ ಹಾಕು ಅಂದಿದ್ದರು. ಆಗ ಓದಲು ಕಾಣಲಿಲ್ಲ, ಹಾಕಿಬಿಟ್ಟೆ. ಈ ಸಲ ಹಾಕಬಾರದು ಅಂತ ಇದ್ದೆ.”

ನಾನು ಅದನ್ನು ಇಂಗ್ಲಿಷಿನಲ್ಲಿ ಅಧಿಕಾರಿಗೆ ಹೇಳಿದೆ. ಅವರು ಪೆನ್ನನ್ನು ಅವನ ಕೈಗೆ ಕೊಟ್ಟರು. ಅಲ್ಲೇ ಕುಳಿತು ಸಹಿ ಹಾಕಿದ. ಐದು ತಿಂಗಳು ಅವನಿಗೆ ಊಟ ಹಾಕಿ, ಕಾವಲು ಕಾದು, ದಿನಕ್ಕೆರಡು ಸಲ ಹಾಜರಿ ಕರೆದಿದ್ದರು. ತೊಡಕು ನಿವಾರಿಸಲು ಬೇಕಾದದ್ದು ಓದುವ ಒಂದು ಕನ್ನಡಕ, ಅಥವಾ ಆ ಹಾಳೆಯನ್ನು ಅವನ ಭಾಷೆಯಲ್ಲಿ ಓದಿ ಹೇಳುವ ಒಬ್ಬ ಮನುಷ್ಯ.

ಡ್ರೈವರ್ ಬಂದದ್ದು ಕೊನೆಯ ಕಡೆಗೆ. ಗಟ್ಟಿಮುಟ್ಟಾದ ಆಳು, ತಲೆ ಪೂರ್ತಿ ನೆರೆತಿತ್ತು. ನಾನು ಮಾಡಿದ ಕನ್ನಡಕ ಆ ಹೊತ್ತಿಗೆ ಅವರ ಮುಖದ ಮೇಲಿತ್ತು. ನಮ್ಮೂರಿನಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಗೌರವದಿಂದ ಕರೆಯುವ ಹಾಗೆ, “ಬನ್ನಿ ಪೊರ್ಬುಗಳೇ, ಕೂತ್ಕೊಳ್ಳಿ” ಎಂದೆ. ಆ ಶಬ್ದ ಕೇಳಿ ಒಂದು ಕ್ಷಣ ನಿಂತು, ಆಮೇಲೆ ಕುಳಿತರು. ತುಳುವಿನಲ್ಲಿ ಮಾತಾಡಿದೆವು. ಕಾವಲಿನವನಿಗೆ ಅರ್ಥವಾಗುವಂತಿರಲಿಲ್ಲ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಲೆನ್ಸ್ ಬದಲಾಯಿಸುತ್ತಿರುವಾಗ ಅವರು ಕೇಳಿದರು, “ಒಡೆದ ಕನ್ನಡಕ ನೋಡಿದ್ದು ನೀವೇ ಅಲ್ವಾ?”

“ಹೌದು.”

“ಗೊತ್ತಾಯ್ತಾ?”

“ಗೊತ್ತಾಯ್ತು.”

“ನನ್ನ ಹೆಂಡತಿಗೆ ಹೇಳಿದ್ರಾ?”

“ಇಲ್ಲ ಮಾರಾಯ್ರೆ. ಅದು ನಾನು ಹೇಳುವ ವಿಷಯ ಅಲ್ಲ.”

ಫಲಕದ ಕಡೆಗೇ ನೋಡುತ್ತ ಅವರು ಹೇಳಿದರು. ಬಸ್ಸಿನ ಏಸಿ ಆ ವಾರ ಕೆಟ್ಟಿತ್ತು. ಬೆವರಿಗೆ ಕನ್ನಡಕ ಮೂಗಿನಿಂದ ಜಾರುತ್ತಲೇ ಇತ್ತು. ರಿಫೈನರಿಯ ಗೇಟಿನಲ್ಲಿ ತೆಗೆದು, ಒರೆಸಿ, ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಹದಿನಾಲ್ಕು ವರ್ಷ ಓಡಿಸಿದ ದಾರಿ, ಮನೆ ತಲುಪಲು ಇಪ್ಪತ್ತು ನಿಮಿಷ. ತಿರುವಿನಲ್ಲಿ ಸೂರ್ಯ ಆಗಷ್ಟೇ ಇಳಿದಿದ್ದ. ಸೈಕಲ್ ಕಂಡದ್ದು ಬಸ್ಸಿನ ಮುಂದೆಯೇ ಬಂದಾಗ. ಬ್ರೇಕ್ ಒತ್ತಿದ ಹೊಡೆತಕ್ಕೆ ಎದೆ ಸ್ಟಿಯರಿಂಗಿಗೆ ಬಡಿದು ಕಿಸೆಯಲ್ಲಿದ್ದದ್ದು ಒಡೆಯಿತು.

“ಒಂದು ಕೇಳ್ತೇನೆ, ನಿಜ ಹೇಳ್ಬೇಕು,” ಎಂದರು. “ಹಾಕ್ಕೊಂಡಿದ್ರೆ ಕಾಣ್ತಿತ್ತಾ?”

ತಪ್ಪಿಸಿಕೊಳ್ಳಬಹುದಿತ್ತು. ಆದರೆ ಲೆನ್ಸ್ ಪೆಟ್ಟಿಗೆ ಎದುರಿಗೇ ಇತ್ತು, ಆ ಮನುಷ್ಯ ಕಣ್ಣು ಪರೀಕ್ಷೆಯ ಕುರ್ಚಿಯಲ್ಲೇ ಕುಳಿತಿದ್ದರು. ಲೆನ್ಸ್ ತೆಗೆದು, ಫಲಕದಲ್ಲಿ ಎಲ್ಲಿವರೆಗೆ ಕಾಣುತ್ತದೆ ಎಂದು ಕೇಳಿದೆ. ನಾಲ್ಕನೇ ಸಾಲು. ಲೆನ್ಸ್ ಹಾಕಿ ಕೇಳಿದೆ. ಏಳನೇ ಸಾಲು.

“ಕಾಣುವ ಸಾಧ್ಯತೆ ಹೆಚ್ಚಿತ್ತು,” ಎಂದೆ. “ಖಂಡಿತ ಕಾಣ್ತಿತ್ತು ಅಂತ ನಾನು ಹೇಳ್ಲಿಕ್ಕಾಗುವುದಿಲ್ಲ. ಇಳಿ ಬೆಳಕು, ಅವನ ಬಟ್ಟೆಯ ಬಣ್ಣ, ಎಲ್ಲ ಉಂಟಲ್ಲ. ಆದರೆ ಹೆಚ್ಚಿತ್ತು.”

ತಲೆಯಾಡಿಸಿದರು. ಅಳಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡೇ ಇದ್ದರು.

“ಒಂದೂವರೆ ವರ್ಷ ಆಯ್ತು, ಇಷ್ಟು ದಿನದಲ್ಲಿ ಯಾರೂ ಕೇಳಲಿಲ್ಲ,” ಎಂದರು. “ಪೊಲೀಸರು ಬಸ್ಸು ತಾಗಿತಾ ಅಂತ ಕೇಳಿದ್ರು. ಕೋರ್ಟಲ್ಲಿ ತಪ್ಪು ಒಪ್ತೀಯಾ ಅಂತ ಕೇಳಿದ್ರು. ಹೌದು ಅಂದೆ. ವಕೀಲರು ಬೇರೆಂತದೂ ಮಾತಾಡ್ಬೇಡ ಅಂದ್ರು. ಇಲ್ಲಿ ಬಂದ ಮೇಲೆ ನಂಬರ್ ಕರೆದ್ರೆ ಹಾಜರ್ ಅನ್ಬೇಕು, ಅಷ್ಟೆ. ಶಿಕ್ಷೆ ಕೊಟ್ಟದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಎಂತ ಆಯ್ತು ಅಂತ ಹೇಳ್ಲಿಕ್ಕೆ ಒಂದು ಜನ ಬೇಕಲ್ಲ ಅಣ್ಣಾ.”

ಆಮೇಲೆ ಒಂದು ಸಹಾಯ ಕೇಳಿದರು. ತೀರಿಕೊಂಡವನ ಮನೆಯವರಿಗೆ ಒಂದು ಪತ್ರ ಬರೆಯಬೇಕು, ಅದನ್ನು ತಲುಪಿಸಬೇಕು. ನಾನು ಒಂದೇ ಷರತ್ತು ಹಾಕಿದೆ. “ಮೊದಲು ಸಿಸ್ಟರಿಗೆ ಹೇಳಿ. ಹೊರಗಿನವರಿಂದ ಅವರಿಗೆ ಗೊತ್ತಾಗುವುದು ಬೇಡ.”

ಮುಂದಿನ ವಿಸಿಟಿನಲ್ಲಿ ಅವರು ಹೇಳಿದರು. ಅದರ ಮರುದಿನ ಸಿಸ್ಟರ್ ಅಂಗಡಿಗೆ ಬಂದರು. ಗಿರಾಕಿಗಳಿದ್ದರು, ಆದರೂ ಕಾಯಲಿಲ್ಲ.

“ನಿಮಗೆ ಮೊದಲ ದಿನವೇ ಗೊತ್ತಿತ್ತು,” ಎಂದರು. “ನಾನು ಎಲ್ಲರ ಹತ್ರ ಹೇಳಿಕೊಂಡು ಬಂದೆ, ಅವರದ್ದು ಎಂತದೂ ತಪ್ಪಿಲ್ಲ, ಕನ್ನಡಕ ಮುಖದಲ್ಲೇ ಒಡೆಯಿತು ಅಂತ. ಚರ್ಚಲ್ಲಿ ಹೇಳಿದೆ. ಅತ್ತೆಗೆ ಹೇಳಿದೆ. ನೀವು ಕೇಳಿಕೊಂಡು ಸುಮ್ಮನೆ ನಂಬರ್ ಬರೆದಿರಿ.”

ಅವರು ಹೊರಟುಹೋದರು. ಎರಡು ವಾರ ವಿಸಿಟಿಗೂ ಹೋಗಲಿಲ್ಲವೆಂದು ಆಮೇಲೆ ತಿಳಿಯಿತು. ಮೂರನೇ ವಾರ ಹೋದರು.

ಡ್ರೈವರ್ ಬರೆದ ಪತ್ರ ಕನ್ನಡದಲ್ಲಿತ್ತು, ಒಂದೂವರೆ ಪುಟ. ಒಳಗಿನಿಂದ ಹೊರಗೆ ಹೋಗುವ ಯಾವ ಕಾಗದವನ್ನೂ ಅಧಿಕಾರಿ ನೋಡಬೇಕು. ಅವರು ನನ್ನನ್ನು ಕಚೇರಿಗೆ ಕರೆಸಿ ಓದಿ ಹೇಳು ಎಂದರು. ಇಂಗ್ಲಿಷಿನಲ್ಲಿ ಸಾಲು ಸಾಲಾಗಿ ಹೇಳಿದೆ. ಕಿಸೆಯ ಸಾಲು ಬಂದಾಗಲೂ ನಿಲ್ಲಿಸದೆ ಹೇಳಿದೆ. ಅವರು ಚಹಾದ ಲೋಟವನ್ನು ದೂರ ಸರಿಸಿದರು.

“ತೀರ್ಪು ಆಗಿಹೋಗಿದೆ,” ಎಂದರು. “ಇಂಥ ಪತ್ರ ಕಳಿಸಬಾರದು ಎಂದು ಎಲ್ಲೂ ಬರೆದಿಲ್ಲ. ಕಳಿಸಬಹುದು ಎಂದೂ ಬರೆದಿಲ್ಲ. ಇದನ್ನು ಇಡಲು ನನ್ನ ಬಳಿ ಫೈಲೂ ಇಲ್ಲ. ತೆಗೆದುಕೊಂಡು ಹೋಗು.”

ತೀರಿಕೊಂಡವನ ಅಣ್ಣ ಅದೇ ಕಂಪನಿಯಲ್ಲಿ ಕೆಲಸಕ್ಕಿದ್ದ. ಮಂಗಫ್‌ನ ಒಂದು ಕಟ್ಟಡದಲ್ಲಿ ಕಂಪನಿಯವರ ವಾಸ. ಮೊದಲೇ ಫೋನ್ ಮಾಡಿ, ಅವನು ಒಪ್ಪಿದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಹೋದೆ. ಪತ್ರವನ್ನು ಹಿಂದಿಗೆ ಮಾಡಿ ಕೈಬರಹದಲ್ಲಿ ಬರೆದುಕೊಂಡಿದ್ದೆ. ಅವನು ಬಟ್ಟೆ ಒಗೆಯುತ್ತಿದ್ದವನು ಕೈ ಒರೆಸಿಕೊಂಡು ಬಂದ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಮೆಟ್ಟಿಲ ಮೇಲೆ ಕುಳಿತು ಎರಡು ಸಲ ಓದಿದ.

“ಇವನು ಬಿಡುಗಡೆಯಾದ ಮೇಲೆ ಮತ್ತೆ ಗಾಡಿ ಓಡಿಸುತ್ತಾನಾ?” ಎಂದು ಕೇಳಿದ.

“ಗೊತ್ತಿಲ್ಲ ಭಾಯಿ.”

“ಓಡಿಸಬೇಡ ಅಂತ ಹೇಳಿ.” ಪತ್ರವನ್ನು ಮಡಚಿ ಬನಿಯನ್ನಿನೊಳಗೆ ಇಟ್ಟುಕೊಂಡ. “ಇದನ್ನು ಊರಿಗೆ ಕಳಿಸುವುದಿಲ್ಲ. ಯಾರ ತಪ್ಪೂ ಇಲ್ಲ ಅಂತ ಅಮ್ಮನಿಗೆ ಹೇಳಿದ್ದೇನೆ. ಹಾಗೇ ಇರಲಿ. ಆದರೆ ಬರೆದದ್ದು ಒಳ್ಳೆಯದಾಯಿತು. ಒಂದು ದಿನ ಯಾರಾದರೂ ಬಂದು ಏನಾಯಿತು ಅಂತ ಹೇಳುತ್ತಾರೆ ಅಂತ ಕಾಯುತ್ತಿದ್ದೆ.”

ಚಹಾ ಕುಡಿಯಿರಿ ಎಂದು ಒತ್ತಾಯ ಮಾಡಿದ. ಕುಡಿದು ಬಂದೆ. ಇದು ಒಳ್ಳೆಯ ಕೆಲಸವೋ, ಒಬ್ಬನ ಭಾರವನ್ನು ಇನ್ನೊಬ್ಬನ ಮೇಲೆ ಹೊರಿಸಿದ್ದೋ ಎಂದು ಆವತ್ತು ನನಗೆ ನಿಶ್ಚಯವಿರಲಿಲ್ಲ. ಈಗಲೂ ಇಲ್ಲ.

ವಾರ್ಡಿನವರ ಕನ್ನಡಕಗಳು ತಯಾರಾಗಿ ಒಳಗೆ ಹೋದ ಮೇಲೆ ಅಧಿಕಾರಿ ನನ್ನಿಂದ ಒಂದು ವರದಿ ಕೇಳಿದರು. ಒಂದೇ ಪುಟ ಇರಲಿ, ಮೇಲಿನವರು ಎರಡನೇ ಪುಟ ಓದುವುದಿಲ್ಲ ಎಂದರು. ನನಗೆ ವರದಿ ಬರೆದು ಅಭ್ಯಾಸವಿಲ್ಲ. ಕಂಡದ್ದನ್ನು ಬರೆದೆ. ಒಳಗೆ ಬರುವ ದಿನವೇ ತೂಕ, ರಕ್ತದೊತ್ತಡ ನೋಡುವ ಹಾಗೆ ಕಣ್ಣನ್ನೂ ನೋಡಬೇಕು. ಒಬ್ಬನಿಗೆ ಐದು ನಿಮಿಷ ಸಾಕು. ಸ್ಕ್ರೂ ಇಲ್ಲದ ಕನ್ನಡಕಗಳನ್ನು ನಾಲ್ಕೈದು ನಂಬರಿನಲ್ಲಿ ಸ್ಟೋರಿನಲ್ಲಿ ಇಟ್ಟರೆ ಗೇಟಿನ ತಕರಾರೇ ಇರುವುದಿಲ್ಲ. ಸಹಿ ಹಾಕಿಸುವ ಮೊದಲು ಕಾಗದವನ್ನು ಆ ಮನುಷ್ಯನ ಭಾಷೆಯಲ್ಲಿ ಓದಿ ಹೇಳಬೇಕು. ಬೇರೆ ಜನ ಬೇಡ. ವಾರ್ಡಿನಲ್ಲೇ ಎಲ್ಲ ಭಾಷೆಯವರೂ ಇದ್ದಾರೆ, ಅವರಿಗೆ ಕೆಲಸವೂ ಆಯಿತು. ತಿಂಗಳಿಗೊಮ್ಮೆಯಾದರೂ ತನ್ನ ಭಾಷೆಯ ಒಬ್ಬ ಹೊರಗಿನವನ ಹತ್ತಿರ, ಕೇಸಿಗೆ ಸಂಬಂಧವಿಲ್ಲದೆ, ಮಾತಾಡಲು ಬಿಡಬೇಕು. ಕೊನೆಗೆ, ನೊಂದವರ ಕಡೆಯವರು ಒಪ್ಪಿದರೆ, ಕೈದಿ ಅವರಿಗೆ ಪತ್ರ ಬರೆಯಲು ಕಚೇರಿಯ ಮೂಲಕವೇ ಒಂದು ದಾರಿ ಇರಬೇಕು.

ಅಧಿಕಾರಿ ಓದಿ ಕೊನೆಯದನ್ನು ಹೊಡೆದು ಹಾಕಿದರು. “ಇದು ಸರಿ. ಆದರೆ ಇದನ್ನು ನೋಡಿದರೆ ಮೇಲಿನವರು ಉಳಿದದ್ದನ್ನೂ ನಿಲ್ಲಿಸುತ್ತಾರೆ.”

ಅವರು ಅದನ್ನು ಕಳಿಸಿದರು. ಆರು ತಿಂಗಳಲ್ಲಿ ಅವರಿಗೆ ಬೇರೆ ಕಡೆಗೆ ವರ್ಗವಾಯಿತು. ಕನ್ನಡಕದ ಡಬ್ಬಿಯೊಂದು ವಾರ್ಡಿನ ಗ್ರಂಥಾಲಯಕ್ಕೆ ಬಂತು, ಈಗಲೂ ಇದೆ. ಮೊದಲ ದಿನದ ಕಣ್ಣು ಪರೀಕ್ಷೆ ಬರಲಿಲ್ಲ. ಕಾಗದ ಓದಿ ಹೇಳುವುದು ಆ ಒಂದು ವಾರ್ಡಿನಲ್ಲಿ ಸ್ವಲ್ಪ ದಿನ ನಡೆದು ನಿಂತಿತು, ಮತ್ತೆ ಶುರುವಾಯಿತು ಎನ್ನುತ್ತಾರೆ. ಯಾರು ಡ್ಯೂಟಿಯಲ್ಲಿದ್ದಾರೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ನಾನು ಹೊರಗಿನಿಂದ ನೋಡಿದವನು. ನನಗೆ ಕಂಡ ದೊಡ್ಡ ಕೊರತೆ ಇದೇ. ಒಳ್ಳೆಯ ಅಧಿಕಾರಿ ಒಬ್ಬರು ಮಾಡಿದ್ದು ನಿಯಮವಾಗಲಿಲ್ಲ, ಅವರ ಜೊತೆಗೇ ಹೋಯಿತು.

ಡ್ರೈವರ್ ಪೂರ್ತಿ ಮೂರು ವರ್ಷ ಇರಬೇಕಾಗಲಿಲ್ಲ. ರಾಷ್ಟ್ರೀಯ ಹಬ್ಬಕ್ಕೆ ಕೆಲವರ ಶಿಕ್ಷೆ ಕಡಿಮೆ ಮಾಡುವ ಪದ್ಧತಿ ಇಲ್ಲಿದೆ. ಹಿಂದಿಯವರ ಬಾಯಲ್ಲಿ ಅದು ‘ಮಾಫಿ’. ಅರಬಿಯಲ್ಲಿ ಮಾಫಿ ಎಂದರೆ ‘ಇಲ್ಲ’. ಪಟ್ಟಿ ಬರುವ ಮುಂಚೆ ಈ ಸಲ ಮಾಫಿ ಮಾಫಿ ಎಂದು ವಾರ್ಡಿನಲ್ಲಿ ತಮಾಷೆ ಮಾಡುತ್ತಾರಂತೆ, ಕ್ಷಮೆ ಇಲ್ಲ ಎಂಬ ಅರ್ಥದಲ್ಲಿ. ಆ ಸಲ ಪಟ್ಟಿಯಲ್ಲಿ ಅವರ ಹೆಸರಿತ್ತು. ಬಿಡುಗಡೆ ಎಂದರೆ ಮನೆಗೆ ಬರುವುದಲ್ಲ, ಗಡೀಪಾರು ಕೇಂದ್ರಕ್ಕೆ ಹೋಗಿ, ಅಲ್ಲಿಂದ ನೇರ ವಿಮಾನಕ್ಕೆ. ಹದಿನಾಲ್ಕು ವರ್ಷ ಮಲಗಿದ ಮಂಗಫ್‌ನ ಕೋಣೆಯನ್ನು ಇನ್ನೊಮ್ಮೆ ನೋಡಲು ಅವರಿಗೆ ಆಗಲಿಲ್ಲ. ಸಿಸ್ಟರ್ ಒಂದು ಸೂಟ್‌ಕೇಸ್ ತುಂಬಿಸಿ ಕೇಂದ್ರದ ಬಾಗಿಲಿಗೆ ಕೊಟ್ಟರು. ಏನೇನು ಹಾಕಿದಿರಿ ಎಂದು ಫೋನಿನಲ್ಲಿ ಕೇಳಿದೆ.

“ಬಟ್ಟೆ. ಮತ್ತೆ ಅವರ ಮದುವೆಯ ಕೋಟು. ಇಲ್ಲಿ ಇಟ್ಟುಕೊಂಡು ನಾನು ಎಂತ ಮಾಡ್ಲಿ?” ಎಂದರು.

ಸಿಸ್ಟರ್ ಈಗಲೂ ಇಲ್ಲೇ ಕೆಲಸದಲ್ಲಿದ್ದಾರೆ. ಗಂ​ಡ ಊರಿನಲ್ಲಿ ಗೇರುಬೀಜದ ಕಾರ್ಖಾನೆಯೊಂದರ ಗೇಟಿನಲ್ಲಿ ಕೆಲಸಕ್ಕಿದ್ದಾರೆ. ಸ್ಕೂಟರ್ ಕೂಡ ಮುಟ್ಟುವುದಿಲ್ಲ, ಬಸ್ಸಿನಲ್ಲಿ ಹೋಗಿ ಬರುತ್ತಾರೆ. ನೇಪಾಳದ ಅಣ್ಣ ಹೇಳಿದ ಮಾತನ್ನು ನಾನು ಅವರಿಗೆ ಮುಟ್ಟಿಸಿದ್ದೆ.

ಆಮೇಲೆ ಎರಡು ಸಲ ನಾನು ಕಣ್ಣು ಪರೀಕ್ಷೆಗೆ ಜೈಲಿಗೆ ಹೋದೆ, ಪ್ರತಿ ಸಲವೂ ಹೊಸದಾಗಿ ಅರ್ಜಿ ಹಾಕಿ. ಕಳೆದ ಸಲ ಬೇರೆ ವಾರ್ಡು, ಹೊಸ ಅಧಿಕಾರಿ. ಸಾಲಿನಲ್ಲಿ ಕುಳಿತಿದ್ದ ಒಬ್ಬನ ನಂಬರನ್ನು ಕಾವಲಿನವನು ಮೂರು ಸಲ ಕೂಗಿದ. ಅವನು ತಿರುಗಲಿಲ್ಲ. ನಾಲ್ಕನೇ ಸಲ ಹೋಗಿ ಭುಜ ಹಿಡಿದು ಎಬ್ಬಿಸಿದ. “ದಿನಾ ಹೀಗೇ, ಬೇಕೆಂದೇ ಮಾಡುತ್ತಾನೆ. ಎರಡು ಸಲ ವಿಸಿಟ್ ನಿಲ್ಲಿಸಿದರೂ ಬುದ್ಧಿ ಬಂದಿಲ್ಲ,” ಎಂದ. ಆ ಮನುಷ್ಯ ಕುರ್ಚಿಯಲ್ಲಿ ಕುಳಿತ ಮೇಲೆ ಲೆನ್ಸ್ ತೆಗೆಯುವ ನೆಪದಲ್ಲಿ ಅವನ ಹಿಂದೆ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದೆ. ಕಾವಲಿನವನು ಬೆಚ್ಚಿಬಿದ್ದ. ಕುರ್ಚಿಯಲ್ಲಿದ್ದವನು ಫಲಕವನ್ನೇ ನೋಡುತ್ತಿದ್ದ.

ಇವನಿಗೆ ಕಿವಿ ಕೇಳುವುದಿಲ್ಲ ಎಂದು ಹೊಸ ಅಧಿಕಾರಿಗೆ ಹೇಳಿದೆ. “ನೀನು ಕಣ್ಣಿನವನಲ್ಲವಾ?” ಎಂದರು. ಹೌದು ಎಂದೆ. ಅವರು ಅವನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಸಿಕ್ಕಿಸಿದರು. ಅವನ ಕಿವಿಯನ್ನು ಯಾರಾದರೂ ನೋಡಿದರೋ ಇಲ್ಲವೋ ನನಗೆ ತಿಳಿದಿಲ್ಲ. ಮುಂದಿನ ಅರ್ಜಿ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.